ಐದನೇ ಪುಟದ ಕಿಂಡಿ

ಬೆಳಗಿನ ತರಗತಿಯಲ್ಲಿ ಆದ ಅವಮಾನ ಅವಳ ಜೊತೆಗೇ ಮೆಟ್ಟಿಲಿಳಿದು ಬಂದಿತ್ತು. ಅವಮಾನ ಅನ್ನುವುದು ದೊಡ್ಡ ಮಾತಾಯಿತೇನೋ. ಭಯೋತ್ಪಾದನೆಯಂಥ ವಿಷಯ ಹಿಡಿದು ಕೂತವರು ನಂಬಬಹುದಾದ ಆಕರಗಳನ್ನು ಅಂತರ್ಜಾಲದಲ್ಲಿ, ಗ್ರಂಥಾಲಯದಲ್ಲಿ ಹೇಗೆ ಹುಡುಕಬೇಕು ಅಂತ ಹೊಸ ಸಂಶೋಧಕರಿಗೆ ವರ್ಷಕ್ಕೊಮ್ಮೆ, ಗ್ರಂಥಾಲಯದ ಆಕರ ವಿಭಾಗದವಳಾಗಿ, ಅವಳು ಹೇಳುವ ಪಾಠ ಅದು. ಹನ್ನೊಂದು ವರ್ಷದಿಂದ ಅದೇ ಪಾಠ, ಅದೇ ಚಿತ್ರಗಳು, ಅದೇ ಎರಡು ಜೋಕು. ಬರೆದವರು ಯಾರು ನೋಡಿ, ಯಾವಾಗ ಬರೆದರು ನೋಡಿ, ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿ, ಸಿಟ್ಟಿನಲ್ಲಿ ಬರೆದದ್ದನ್ನು ಅನುಮಾನಿಸಿ. ಕೊನೆಗೆ, ಒಂದೇ ಸಂಗತಿ ಮೂರು ಬೇರೆ ಬೇರೆ ಕಡೆ ಸಿಕ್ಕರೆ ಧೈರ್ಯವಾಗಿ ನಂಬಿ. ಈ ‘ಧೈರ್ಯವಾಗಿ’ ಅನ್ನುವಲ್ಲಿ ಮೇಜನ್ನೊಮ್ಮೆ ತಟ್ಟುವುದು ಅವಳ ವಾಡಿಕೆ. ಇವತ್ತೂ ತಟ್ಟಿದಳು. ತಟ್ಟಿದ ಕೈ ಎತ್ತುವ ಮೊದಲೇ ಹಿಂದಿನ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತು, “ಮೇಡಂ, ಆ ಮೂರು ಜನಾನೂ ಒಂದೇ ಬಾವಿ ನೀರು ಕುಡಿದಿದ್ರೆ?” ಅಂದಳು. ಇಡೀ ಕೊಠಡಿ ನಕ್ಕಿತು. ಅವಳೂ ನಕ್ಕಳು, ನಗದೆ ಬೇರೆ ದಾರಿ ಇರಲಿಲ್ಲ. “ಬಾವಿ ಎಲ್ಲಿದೆ ಅಂತ ಹುಡುಕೋದೇ ಅಲ್ವೇನಮ್ಮ ನಿನ್ನ ಕೆಲಸ” ಅಂತ ಏನೋ ಒಂದು ಹೇಳಿ ತೇಲಿಸಿದಳು. ಆದರೆ ಅದು ಬರೀ ತೇಲಿಸಿದ್ದು ಅನ್ನುವುದು ಅವಳಿಗೂ ಗೊತ್ತಾಗಿತ್ತು, ಆ ಹುಡುಗಿಗೂ ಗೊತ್ತಾಗಿತ್ತು.

ಆ ಹುಡುಗಿಗೆ ಗ್ರಂಥಾಲಯದಲ್ಲಿ ಕೊಕ್ಕೆ ಅಂತ ಹೆಸರು. ಇಟ್ಟವರು ಬೈಂಡರ್ ಮಾಮ. ನಿವೃತ್ತಿಯಾಗಿ ಆರು ವರ್ಷವಾದರೂ ದಿನಾ ಬಂದು ಹರಿದ ಪುಸ್ತಕ ಹೊಲಿಯುತ್ತ ಕೂರುವ ಅವರು, ಈ ಹುಡುಗಿ ಪ್ರತಿಯೊಂದಕ್ಕೂ ಕೊಕ್ಕೆ ಹಾಕುತ್ತಾಳೆ ಅಂತ ಮೊದಲ ವಾರವೇ ತೀರ್ಮಾನ ಮಾಡಿಬಿಟ್ಟಿದ್ದರು. ಎರಡು ವರ್ಷದಿಂದ ಅವಳು ಓದುವ ಕೋಣೆಯ ಕಂಬದ ಪಕ್ಕದ ಕುರ್ಚಿಯಲ್ಲಿ ಬೇರು ಬಿಟ್ಟಿದ್ದಾಳೆ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಊರಿನ ಬಸ್ ನಿಲ್ದಾಣದಲ್ಲಿ ಆದ ಸ್ಫೋಟ ಅವಳ ವಿಷಯ. ಎರಡನೇ ವರ್ಷದವಳು ಹೊಸಬರ ತರಗತಿಗೆ ಯಾಕೆ ಬಂದಳು ಅಂತ ಯೋಚಿಸುತ್ತ, ಆಕರ ವಿಭಾಗದ ಕೌಂಟರಿನ ಹಿಂದೆ ಕೂತು ರೆಫರೆನ್ಸ್ ಮೇಡಂ (ಅವಳನ್ನು ಎಲ್ಲರೂ ಕರೆಯುವುದು ಹಾಗೇ, ಅವಳ ತಾಯಿ ಕೂಡ ಒಮ್ಮೆ ಫೋನು ಮಾಡಿ ಹಾಗೇ ಕೇಳಿದ್ದರು) ಮರಳಿ ಬಂದ ಪುಸ್ತಕಗಳನ್ನು ಸಾಲಾಗಿ ಜೋಡಿಸಿದಳು, ಮತ್ತೆ ಕೆಡವಿ ಜೋಡಿಸಿದಳು. ಬರುವ ಸೋಮವಾರ ಸಂದರ್ಶನ. ದೊಡ್ಡವರು, ಅಂದರೆ ಮುಖ್ಯ ಗ್ರಂಥಪಾಲಕರು, ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಆ ಕುರ್ಚಿ ಇವಳಿಗೆ ಅಂತ ಗೋಡೆಗೂ ಗೊತ್ತು. ಹೀಗಿರುವಾಗ ಒಂದು ಹುಡುಗಿಯ ಬಾವಿ ನೀರಿಗೆ ಇಷ್ಟು ಹೊತ್ತು ತಲೆ ಕೆಡಿಸಿಕೊಳ್ಳುವುದೇ ಅಂತ ತನ್ನನ್ನು ತಾನೇ ಬೈದುಕೊಳ್ಳುತ್ತಿರುವಾಗ ಕೊಕ್ಕೆ ಲ್ಯಾಪ್‌ಟಾಪ್ ತೆರೆದುಕೊಂಡೇ ಎದುರಿಗೆ ಬಂದು ನಿಂತಳು.

“ಮೇಡಂ, ಬೆಳಿಗ್ಗೆ ನಗಿಸ್ಬೇಕು ಅಂತ ಕೇಳಿದ್ದಲ್ಲ. ನಿಜವಾಗ್ಲೂ ಸಿಕ್ಕಾಕೊಂಡಿದ್ದೀನಿ. ಇಲ್ನೋಡಿ.” ಪರದೆಯ ಮೇಲೆ ಒಂದು ಪಟ್ಟಿ ಇತ್ತು. ಸ್ಫೋಟದ ಆರೋಪಿಗಳ ಹೆಸರು, ಎದುರಿಗೆ ಆಕರ. ಐದನೇ ಸಾಲಿನಲ್ಲಿ ಒಬ್ಬ ವಾಚ್ ರಿಪೇರಿಯವನು. ಅವನ ಹೆಸರಿನ ಮುಂದೆ ಹದಿನಾಲ್ಕು ಆಕರಗಳಿದ್ದವು: ಆರು ಜಾಲತಾಣ, ನಾಲ್ಕು ಪುಸ್ತಕ, ಮೂರು ಲೇಖನ, ದೂರದೇಶದ ಒಂದು ಸಂಶೋಧನಾ ಸಂಸ್ಥೆ ಇಟ್ಟುಕೊಂಡಿರುವ ದಾಳಿಗಳ ದತ್ತಾಂಶ. “ಹದಿನಾಲ್ಕು ಕಡೆ ಇದಾನೆ. ಆದ್ರೆ ಕೋರ್ಟಿನ ತೀರ್ಪಲ್ಲಿ ಇಲ್ಲ. ತೀರ್ಪಲ್ಲಿ ಬರೀ ನಾಲ್ಕು ಜನ. ಮುನ್ನೂರ ಹತ್ತು ಪುಟ ಓದಿದೀನಿ, ಈ ಮನುಷ್ಯನ ಸುಳಿವೇ ಇಲ್ಲ. ನಮ್ಮ ಗೈಡ್ ಹೇಳ್ತಾರೆ, ಹದಿನಾಲ್ಕು ಜನ ಹೇಳ್ತಿರುವಾಗ ನಿಂದೇನು, ತಲೆಮರೆಸಿಕೊಂಡಿರ್ಬೇಕು, ಪಟ್ಟಿಗೆ ಹಾಕು ಅಂತ. ಇವತ್ತು ಐದು ಗಂಟೆಗೆ ಅವರ ಪುಸ್ತಕಕ್ಕೆ ಈ ಪಟ್ಟಿ ಕಳಿಸ್ಬೇಕು. ಕಳಿಸಿದ್ರೆ ನಾನು ಹದಿನೈದನೆಯವಳು.” ಅವಳು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾಗಿತ್ತು. ರೆಫರೆನ್ಸ್ ಮೇಡಂಗೆ ಮೈಯೆಲ್ಲ ಒಮ್ಮೆ ಜುಮ್ಮೆಂದಿತು. ವರ್ಷಗಟ್ಟಲೆ ಪುಸ್ತಕ ಎಲ್ಲಿದೆ, ಶೌಚಾಲಯ ಎಲ್ಲಿದೆ ಅನ್ನುವ ಎರಡೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ತುಕ್ಕು ಹಿಡಿದವಳಿಗೆ ಕೊನೆಗೂ ಒಂದು ಪ್ರಶ್ನೆ ಬಂದಿತ್ತು. “ಕುರ್ಚಿ ಎಳ್ಕೋ” ಅಂದಳು.

ಹದಿನಾಲ್ಕನ್ನೂ ಒಂದೊಂದಾಗಿ ಹಿಡಿದು, ನಿನಗೆ ಯಾರು ಹೇಳಿದರು ಅಂತ ಕೇಳುತ್ತ ಹೋಗುವುದು, ಅಷ್ಟೇ ಕೆಲಸ. ಜಾಲತಾಣಗಳ ಅಡಿಟಿಪ್ಪಣಿ ತೆರೆದರೆ ಆರರಲ್ಲಿ ಐದು ಒಂದೇ ಪತ್ರಿಕೆಯ ಇಪ್ಪತ್ತನೇ ವರ್ಷದ ನೆನಪಿನ ಲೇಖನದ ಕಡೆ ಕೈ ತೋರಿಸಿದವು. ಆರನೆಯದು ಉಳಿದ ಐದನ್ನೇ ತೋರಿಸಿತು. ಆ ಲೇಖನ ಬರೆದವರು ಒಂದು ಪುಸ್ತಕದ ಹೆಸರು ಹಾಕಿದ್ದರು. ಕಪಾಟಿನಿಂದ ಕೊಕ್ಕೆ ಓಡಿಹೋಗಿ ತಂದಳು. ಆ ಪುಸ್ತಕ ಇನ್ನೊಂದು ಪುಸ್ತಕದ ಹೆಸರು ಹೇಳಿತು. ಅದು ದೂರದೇಶದ ದತ್ತಾಂಶದ ಹೆಸರು ಹೇಳಿತು. ಹಿಂದೆ ಹಿಂದೆ ಹೋದಂತೆ ವಾಚ್ ರಿಪೇರಿಯವನು ಚಿಕ್ಕವನಾಗುತ್ತ ಹೋದ. ಜಾಲತಾಣದಲ್ಲಿ ಅವನು ಸ್ಫೋಟಕಕ್ಕೆ ಗಡಿಯಾರ ಜೋಡಿಸಿದ ಕುಶಲಿ, ತಂಡದ ಮಿದುಳು. ಲೇಖನದಲ್ಲಿ ಗಡಿಯಾರ ಜೋಡಿಸಿದನೆನ್ನಲಾದವನು. ಮೊದಲ ಪುಸ್ತಕದಲ್ಲಿ ತಾಂತ್ರಿಕ ನೆರವು ನೀಡಿರಬಹುದಾದವನು. ದತ್ತಾಂಶದಲ್ಲಿ ಬರೀ ‘ಆರೋಪಿ, ವೃತ್ತಿ ವಾಚ್ ರಿಪೇರಿ’. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ ಗುಡ್ಡ ಮಾಡಿದ್ದರು. ಇಬ್ಬರಿಗೂ ನಗು ಬಂತು, ನಗಬಾರದು ಅನ್ನಿಸಿದರೂ ಬಂತು. ಕೊಕ್ಕೆ ಒಂದು ದೊಡ್ಡ ಹಾಳೆಯಲ್ಲಿ ಬಾಣದ ಗುರುತು ಎಳೆಯುತ್ತ ಹೋದಳು, ಉಳಿದ ಹದಿಮೂರರ ಬಾಣಗಳೂ ದತ್ತಾಂಶಕ್ಕೆ ಬಂದು ಸೇರಿದವು. “ಈಗ ಇವ್ರನ್ನ ಯಾರು ನಂಬಿಸಿದ್ರು ನೋಡೋಣ” ಅಂತ ಮೇಡಂ ದತ್ತಾಂಶದ ವಿವರಣೆಯ ಪುಟವನ್ನು ಕೆಳಗೆ ಎಳೆದಳು. ಕೊಟ್ಟಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಆಕರ ಅಂತ ಇದ್ದ ಕಡೆ ಇದೇ ಗ್ರಂಥಾಲಯದ ಹೆಸರಿತ್ತು. ಪತ್ರಿಕಾ ಸಾರ, ಮಾಸಿಕ ಸಂಚಿಕೆ, ಪುಟ ಒಂಬತ್ತು.

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು. ಪತ್ರಿಕಾ ಸಾರ ಅಂದರೆ ಅವಳು ಕೆಲಸಕ್ಕೆ ಸೇರಿದ ವಿಭಾಗ. ದಿನಾ ಬೆಳಿಗ್ಗೆ ಬರುವ ಪತ್ರಿಕೆಗಳಿಂದ ಬೇಕಾದ ಸುದ್ದಿ ಕತ್ತರಿಸಿ, ಹಾಳೆಗೆ ಅಂಟಿಸಿ, ವಿಷಯವಾರು ಕಡತಕ್ಕೆ ಹಾಕುವುದು. ತಿಂಗಳ ಕೊನೆಗೆ ಕಡತ ತೆಗೆದು ಅದರ ಸಾರ ಬರೆದು ಸಂಚಿಕೆ ಮಾಡುವುದು. ಆಗ ಅಲ್ಲಿದ್ದವರು ಇಬ್ಬರೇ: ಅವಳು, ಮತ್ತು ಅವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಹಿರಿಯಮ್ಮ. ಹಿರಿಯಮ್ಮ ತೀರಿಕೊಂಡು ಏಳು ವರ್ಷ. ಪಾಪ, ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು, ತಪ್ಪು ಮಾಡಿರಬಹುದು, ಅಂತ ಅವಳ ಮನಸ್ಸು ಕೇಳುವವರಿಲ್ಲದೆಯೇ ಸಮಜಾಯಿಷಿ ಹೇಳತೊಡಗಿತು. ಸತ್ತವರ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ, ಅವರು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ಸಂಚಿಕೆ ತರಿಸಿ ನೋಡಿದರೆ ಒಂಬತ್ತನೇ ಪುಟದಲ್ಲಿ ಇದ್ದದ್ದು ಒಂದೇ ಸಾಲು: ಬಸ್ ನಿಲ್ದಾಣ ಸ್ಫೋಟ, ಐವರ ಬಂಧನ. ಕೆಳಗೆ ಐದು ಹೆಸರು, ಕಸುಬಿನ ಸಮೇತ. ಆ ಐದನ್ನು ಹಾಕಿದ್ದ ಪತ್ರಿಕೆ ಒಂದೇ, ಅದೂ ಮುಚ್ಚಿಹೋಗಿ ಹದಿನೈದು ವರ್ಷ. ಅದರ ಸಂಚಿಕೆಗಳು ಜಗತ್ತಿನಲ್ಲಿ ಉಳಿದಿದ್ದರೆ ಈ ಕಟ್ಟಡದ ನೆಲಮಾಳಿಗೆಯಲ್ಲಿ ಮಾತ್ರ.

“ಆ ಪತ್ರಿಕೆಯ ಸ್ಕ್ಯಾನ್ ನೋಡಿದೀನಿ ಮೇಡಂ” ಅಂದಳು ಕೊಕ್ಕೆ. “ಬಂಧನದ ಸುದ್ದಿ ಇದೆ. ಆಮೇಲೆ ಮೂರನೇ ದಿನದ ಸಂಚಿಕೆ ಐದನೇ ಪುಟದಲ್ಲಿ ಒಂದು ಕಪ್ಪು ಚೌಕ ಬಂದಿದೆ. ಅಲ್ಲಿ ಏನಿತ್ತೋ ಕಾಣಲ್ಲ.” ಸ್ಕ್ಯಾನಿನಲ್ಲಿ ಕಪ್ಪು ಚೌಕ ಅಂದರೆ ಕಾಗದದಲ್ಲಿ ತೂತು. ಮೇಡಂ ಎದ್ದೇಬಿಟ್ಟಳು. ಕೌಂಟರಿನ ಮೇಲೆ ‘ಈಗ ಬರುತ್ತೇನೆ’ ಫಲಕ ಇಟ್ಟು, ಇಬ್ಬರೂ ನೆಲಮಾಳಿಗೆಗೆ ಇಳಿದರು. ಬೈಂಡರ್ ಮಾಮ ಕೆಳಗೆ ದೀಪದಡಿ ಕೂತು ನಿಘಂಟಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದರು. ಆ ತಿಂಗಳ ಸಂಪುಟ ಕಲ್ಲಿನಷ್ಟು ಭಾರ. ಮೂವರೂ ಸೇರಿ ಮೇಜಿನ ಮೇಲಿಟ್ಟು ತಿರುವಿದರು. ಐದನೇ ಪುಟದ ಬಲ ಮೂಲೆಯಲ್ಲಿ ಕಿಂಡಿ. ಅಂಗೈಯಗಲ. ಕಿಂಡಿಯಲ್ಲಿ ಏಳನೇ ಪುಟದ ಸಿನಿಮಾ ಜಾಹೀರಾತಿನ ಒಂದು ಕಣ್ಣು ಕಾಣುತ್ತಿತ್ತು. “ಥೂ, ಬೈಂಡ್ ಮಾಡೋ ಪ್ರತಿಗೇ ಕತ್ತರಿ ಹಾಕಿದಾರಲ್ಲಮ್ಮ” ಅಂದರು ಮಾಮ. “ಎರಡು ಪ್ರತಿ ಬರ್ತಿತ್ತು, ಒಂದು ಇಡೋಕೆ, ಒಂದು ಕತ್ತರಿಸೋಕೆ. ಅವತ್ತು ಎರಡನೇದು ಬಂದಿರ್ಲಿಕ್ಕಿಲ್ಲ. ಯಾರೋ ಅವಸರದಲ್ಲಿ ಹಾಕ್ಬಿಟ್ಟಿದಾರೆ.” ಕನ್ನಡಕ ಹಣೆಗೇರಿಸಿ ಅಂಚನ್ನು ಬೆರಳಿನಿಂದ ಸವರಿದರು. “ಎಡಗೈಯವರು. ನೋಡಿ, ಎಡಗಡೆಯಿಂದ ಶುರುವಾಗಿದೆ, ಇಲ್ಲಿ ತಿರುಗೋವಾಗ ಕೊಯ್ದಿದೆ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ಅವಳು ಎಷ್ಟು ಸಲ ಎಷ್ಟು ಜನಕ್ಕೆ ಹೇಳಿ ನಗಿಸಿದ್ದಳೋ, ಈಗ ಅವಳ ಎಡಗೈ ತಾನಾಗೇ ಸೆರಗಿನೊಳಗೆ ಹೋಗಿ ಅಡಗಿತು. ಹಿರಿಯಮ್ಮ ಬಲಗೈಯವರು.

ವಿಚಿತ್ರ ಏನೆಂದರೆ ಉತ್ಸಾಹ ಇಳಿಯಲಿಲ್ಲ. ಇಳಿಯಬೇಕಿತ್ತು. ಮನುಷ್ಯಳಾದವಳಿಗೆ ಆ ಕ್ಷಣ ಭಯವಾಗಬೇಕಿತ್ತು, ಕೊಕ್ಕೆಯನ್ನು ಊಟಕ್ಕೆ ಕಳಿಸಿ ಒಬ್ಬಳೇ ಕೂತು ಯೋಚನೆ ಮಾಡಬೇಕಿತ್ತು. ಅದರ ಬದಲು ಅವಳು ಮಾಮನ ಹತ್ತಿರ ತೆಳು ಕಾಗದ ಇಸಿದುಕೊಂಡು, ಕಿಂಡಿಯ ಮೇಲೆ ಇಟ್ಟು, ಪೆನ್ಸಿಲಿನಲ್ಲಿ ಅದರ ಆಕಾರ ತೆಗೆದಳು. “ಕತ್ತರಿಸಿದ್ದು ಬಿಸಾಕೋಕಲ್ಲ. ಯಾವುದೋ ಕಡತದಲ್ಲಿ ಇದೆ. ನೀನು ಆ ಸಾಲು, ನಾನು ಈ ಸಾಲು.” ಸ್ಫೋಟದ ಕಡತ ನೋಡಿದರು, ಇಲ್ಲ. ಪೊಲೀಸು, ಇಲ್ಲ. ಬಸ್ ಸಾರಿಗೆ, ಆಸ್ಪತ್ರೆ, ನ್ಯಾಯಾಲಯ, ಒಂದರಲ್ಲೂ ಇಲ್ಲ. ಧೂಳಿಗೆ ಕೊಕ್ಕೆ ಏಳು ಸಲ ಸೀನಿದಳು, ಪ್ರತಿ ಸೀನಿಗೂ ಮಾಮ ಮೇಜಿನಿಂದಲೇ ಎಣಿಸಿದರು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಆಕಾರದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತವಳಿಗೆ ಆ ವಾಚ್ ರಿಪೇರಿಯವನ ಹೆಸರನ್ನು ಪರದೆಯ ಮೇಲಲ್ಲದೆ ಬೇರೆಲ್ಲೋ ಓದಿದ್ದೇನೆ, ನೀಲಿ ಶಾಯಿಯಲ್ಲಿ, ಅಂತ ಆಗ ಹೊಳೆಯಿತು.

ನಾಲ್ಕು ವರ್ಷದ ಹಿಂದೆ ಕೌಂಟರಿಗೆ ಒಬ್ಬ ಮುದುಕ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರು. ಮೊಮ್ಮಗಳಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತ್ತು, ಹಿನ್ನೆಲೆ ವಿಚಾರಿಸಿದವರು ಈ ಗ್ರಂಥಾಲಯ ಕಂಪ್ಯೂಟರಿಗೆ ಹಾಕಿದ ಹಳೇ ಪತ್ರಿಕೆಯಲ್ಲಿ ತಾತನ ಹೆಸರು ನೋಡಿ ಕೆಲಸ ಇಲ್ಲ ಅಂದರು, ನೀವು ಅದನ್ನು ತೆಗೆಸಬೇಕು ಅಂದ. ಅದು ನಾವು ಬರೆದದ್ದಲ್ಲ, ನಾವು ಇಟ್ಟುಕೊಂಡಿರುವುದಷ್ಟೆ ಅಂತ ಅವಳು ಹೇಳಿದಳು. ತಿದ್ದಬೇಕಾದರೆ ನಂಬಬಹುದಾದ ಆಕರ ತನ್ನಿ ಅಂದಳು. ಅವನು ಅವಳ ಮುಖವನ್ನೇ ನೋಡುತ್ತ, “ನಾನೇ ಬಂದಿದ್ದೀನಲ್ಲಮ್ಮ” ಅಂದ. “ನಿಮ್ಮ ಬಗ್ಗೆ ನೀವೇ ಹೇಳಿದ್ರೆ ಅದು ಆಕರ ಆಗಲ್ಲ” ಅಂದಳು. “ಏನಂದ್ರಿ?” ಅಂದ. ಇನ್ನೊಮ್ಮೆ ಹೇಳಿದಳು. “ಏನಂದ್ರಿ?” ಇದು ಮೊಂಡಾಟ ಅಂತ ಅವಳಿಗೆ ಖಚಿತವಾಯಿತು, ಎಲ್ಲರೂ ನೋಡುತ್ತಿದ್ದಾರೆ, ಕನಿಕರ ಗಿಟ್ಟಿಸಲು ಹೀಗೆ ಮಾಡುತ್ತಿದ್ದಾನೆ. ಮೂರನೇ ಸಲ ಒಂದೊಂದೇ ಪದ ಬಿಡಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದಳು: ನೀವು, ಆಕರ, ಅಲ್ಲ. ಕೋರಿಕೆ ಪುಸ್ತಕ ಮುಂದೆ ತಳ್ಳಿದಳು. ಅವನು ಹೆಸರು, ವಿಳಾಸ, ಫೋನ್ ನಂಬರು ಬರೆದು, ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟು ಹೋದ. ಸಂಜೆ ಗಂಡನಿಗೆ ಇದನ್ನು ತಮಾಷೆ ಮಾಡಿ ಹೇಳಿದ್ದಳು. ಗಂಡ ನಕ್ಕಿರಲಿಲ್ಲ, ಅದೂ ಈಗ ನೆನಪಾಯಿತು.

ಕೊಕ್ಕೆ ಪಕ್ಕದ ಸಾಲಿನಿಂದ, “ಮೇಡಂ, ಅವಸರದಲ್ಲಿ ಇರೋರು ಪೂರ್ತಿ ಓದ್ತಾರಾ?” ಅಂತ ಕೇಳಿದಳು. ಓದುವುದಿಲ್ಲ. ಅವಸರದಲ್ಲಿರುವವರು ಮೊದಲ ಸಾಲು ಓದುತ್ತಾರೆ. ಮೊದಲ ಸಾಲಿನ ಮೊದಲ ಪದ ಹಿಡಿದು ಕಡತ ಆರಿಸುತ್ತಾರೆ. ಹಿರಿಯಮ್ಮ ಅದಕ್ಕೇ ಬೈಯುತ್ತಿದ್ದರು, ಆತುರಗಾರನಿಗೆ ಬುದ್ಧಿ ಮಟ್ಟ ಕಣೇ, ಕೊನೇ ಸಾಲಿನಿಂದ ಓದು ಅಂತ. ಮೊದಲ ಪದ ಏನಿದ್ದೀತು? ಅವಳು ಕೆಳಗಿನ ಅರೆಗೆ ಮಂಡಿಯೂರಿ ‘ಕೈಕಸುಬುಗಳು’ ಅನ್ನುವ ಕಡತ ಎಳೆದಳು. ಕಮ್ಮಾರರ ಸಂಘ, ಛತ್ರಿ ರಿಪೇರಿ, ಮಡಕೆಗೆ ಬೇಡಿಕೆ ಕುಸಿತ. ಅದರ ಕೆಳಗೆ ಇತ್ತು. ತೆಳು ಕಾಗದ ಮೇಲಿಟ್ಟಳು. ಕೊಯ್ದ ಮೂಲೆಗೆ ಕೊಯ್ದ ಮೂಲೆ ಸರಿಯಾಗಿ ಕೂತಿತು. ‘ವಾಚ್ ರಿಪೇರಿ ಮಾಡುವ’ ಅಂತ ಶುರುವಾಗಿತ್ತು ಆ ತುಣುಕು, ತಲೆಬರಹವಿಲ್ಲದೆ: ವಾಚ್ ರಿಪೇರಿ ಮಾಡುವ ಇಂಥವರ ಹೆಸರು ಬಸ್ ನಿಲ್ದಾಣ ಸ್ಫೋಟದ ಬಂಧಿತರ ಪಟ್ಟಿಯಲ್ಲಿ ಸೇರಿದ್ದು ನಮ್ಮ ಕಣ್ತಪ್ಪು. ಅವರು ಗಾಯಾಳು. ಪೊಲೀಸರು ಆಸ್ಪತ್ರೆಯಲ್ಲಿ ಅವರ ಹೇಳಿಕೆ ಪಡೆದಿದ್ದಾರೆ, ಅಷ್ಟೆ. ಸ್ಫೋಟದಲ್ಲಿ ಅವರ ಎರಡೂ ಕಿವಿಯ ತಮಟೆ ಹರಿದಿದೆ. ವಿಷಾದಿಸುತ್ತೇವೆ.

ಎರಡೂ ಕಿವಿಯ ತಮಟೆ. ಅವಳು ನೆಲದ ಮೇಲೇ ಕೂತಳು. ತುಣುಕಿನ ಪಕ್ಕದಲ್ಲಿ ಎಡಕ್ಕೆ ವಾಲಿದ ಅವಳದೇ ಅಕ್ಷರದಲ್ಲಿ ತಾರೀಖಿತ್ತು. ಆ ತಾರೀಖು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು, ಪ್ರತಿ ವರ್ಷ ಅವತ್ತು ಅಕ್ಕನ ಮಗಳಿಗೆ ಉಡುಗೊರೆ ತೆಗೆದುಕೊಂಡು ಹೋಗುತ್ತಾಳೆ. ಆ ದಿನ ವಿಭಾಗದ ಕಪ್ಪು ಫೋನು ಹೊಡೆದುಕೊಂಡಿತ್ತು. ಆ ಕಡೆ ಭಾವ: ಹೆಣ್ಣು ಮಗು ಕಣಮ್ಮ, ಮೂಗು ನಿಂದೇ, ಬೇಗ ಬಾ. ಹಿಂದಿನ ಎರಡು ಮಗು ಹೊಟ್ಟೆಯಲ್ಲೇ ಹೋಗಿದ್ದ ಅಕ್ಕನಿಗೆ ಮಗುವಾಗಿತ್ತು. ಇಪ್ಪತ್ತನಾಲ್ಕು ವರ್ಷದ ಅವಳು ಫೋನಿಟ್ಟು ಒಂದು ಸುತ್ತು ಕುಣಿದಿದ್ದಳು, ಹಿರಿಯಮ್ಮನ ಕೆನ್ನೆ ಹಿಂಡಿದ್ದಳು, ಇದೊಂದು ಮುಗಿಸಿ ಹೋಗು ಅಂದದ್ದಕ್ಕೆ ಎರಡನೇ ಪ್ರತಿಗೆ ಕಾಯದೆ ಕೈಗೆ ಸಿಕ್ಕಿದ ಪ್ರತಿಗೆ ಕತ್ತರಿ ಹಾಕಿದ್ದಳು. ಅಷ್ಟು ಸಂತೋಷ ಅವಳಿಗೆ ಆಮೇಲೆ ಯಾವತ್ತೂ ಆಗಿರಲಿಲ್ಲ, ತನ್ನ ಮದುವೆಯ ದಿನವೂ. ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಆರೋಪಿಯಾಗಿ ಉಳಿದದ್ದು ಅವಳ ದ್ವೇಷದಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ಖುಷಿಯಿಂದ. ಇದನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ. ಇವತ್ತು ಬೆಳಿಗ್ಗೆಯಿಂದ ಕಾಲು ನೆಲದ ಮೇಲೆ ನಿಲ್ಲದ ಹಾಗೆ ಓಡಾಡಿಸಿದ್ದೂ ಅಂಥದ್ದೇ ಖುಷಿ ಅನ್ನಿಸಿ ಅದರ ಮೇಲೂ ಅನುಮಾನ ಬಂತು, ಆದರೂ ಅದು ಹೋಗಲಿಲ್ಲ. ಸಿಕ್ಕಿತು, ಸಿಕ್ಕಿತು ಅಂತ ಒಳಗೆ ಯಾರೋ ಚಪ್ಪಾಳೆ ತಟ್ಟುತ್ತಲೇ ಇದ್ದರು.

“ಸಿಕ್ತಾ ಮೇಡಂ?”

“ಇಲ್ಲ” ಅಂದಳು ಅವಳು.

ಎಷ್ಟು ಸಲೀಸಾಗಿ ಬಂತು ಆ ಮಾತು. ಬಂದಮೇಲೆ ಅದರ ಹಿಂದೆಯೇ ಒಂದು ಇಡೀ ಯೋಜನೆ ತಯಾರಾಗಿ ನಿಂತಿತು: ತುಣುಕನ್ನು ಸ್ಫೋಟದ ಕಡತಕ್ಕೆ ಸೇರಿಸು. ಬೇಕಾದರೆ ಹಾಳೆ ಬದಲಿಸಿ ಅಂಟಿಸು, ತಾರೀಖಿನ ಅಕ್ಷರ ಹೋಗುತ್ತದೆ. ಹತ್ತು ನಿಮಿಷ ಬಿಟ್ಟು, ಅಯ್ಯೋ, ಇಲ್ಲೇ ಇತ್ತಲ್ಲೇ, ನಾವೇ ಸರಿಯಾಗಿ ನೋಡಲಿಲ್ಲ ಅನ್ನು. ಆ ಮನುಷ್ಯನ ಹೆಸರೂ ತೊಳೆದುಹೋಗುತ್ತದೆ, ಸೋಮವಾರವೂ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ನಿಜವಾಗಿಯೂ ತುಣುಕನ್ನು ಎತ್ತಿಕೊಂಡು ಎದ್ದಳು, ಆರು ಹೆಜ್ಜೆ ದೂರದ ಸ್ಫೋಟದ ಕಡತದ ಕಡೆ ಹೊರಟಳು. ನಾಲ್ಕನೇ ಹೆಜ್ಜೆಯಲ್ಲಿ ಅವಳೊಳಗಿನ ಆಕರ ವಿಭಾಗದವಳು ಕೇಳಿದಳು: ಇದು ಇಷ್ಟು ದಿನ ಇಲ್ಲೇ ಇದ್ದಿದ್ದರೆ ಸಂಚಿಕೆ ಬರೆದವರು ಯಾಕೆ ನೋಡಲಿಲ್ಲ? ಒಂಬತ್ತು ವರ್ಷದ ಹಿಂದೆ ಈ ಕಡತವನ್ನೆಲ್ಲ ಸ್ಕ್ಯಾನ್ ಮಾಡಿದವರಿಗೆ ಯಾಕೆ ಸಿಗಲಿಲ್ಲ? ಇನ್ನೊಬ್ಬ ಕೊಕ್ಕೆ ಬಂದು ಇದೇ ಪ್ರಶ್ನೆ ಕೇಳಿದ ದಿನ, ಈ ತುಣುಕನ್ನು ಯಾರೋ ಆಮೇಲೆ ತಂದು ತುರುಕಿದ್ದಾರೆ ಅನ್ನುತ್ತಾರೆ. ಹದಿನಾಲ್ಕರ ಎದುರಿಗೆ ಹುಟ್ಟೂರಿಲ್ಲದ ಒಂದು ಚೂರು ಕಾಗದ. ಇದು ನಿಲ್ಲಬೇಕಾದರೆ ಇದು ಎಲ್ಲಿತ್ತು, ಯಾಕೆ ಅಲ್ಲಿತ್ತು, ಯಾರಿಂದ ಅಲ್ಲಿಗೆ ಹೋಯಿತು ಅನ್ನುವುದೆಲ್ಲ ಇದರ ಜೊತೆ ಇರಬೇಕು. ತಪ್ಪನ್ನು ಒರೆಸಿದರೆ ಸಾಕ್ಷಿಯೂ ಒರೆಸಿ ಹೋಗುತ್ತದೆ. ಜಗತ್ತಿನಲ್ಲಿ ಅದನ್ನು ಕಣ್ಣಾರೆ ಕಂಡವರು ಒಬ್ಬರೇ ಇದ್ದಾರೆ, ಅವರು ಈಗ ಕೈಯಲ್ಲಿ ಅದನ್ನು ಹಿಡಿದುಕೊಂಡು ಕಳ್ಳಿಯ ಹಾಗೆ ನಿಂತಿದ್ದಾರೆ.

“ಸಿಕ್ಕಿದೆ. ಆಗ್ಲೇ ಸಿಕ್ತು” ಅಂದಳು. “ಇಲ್ಲ ಅಂದಿದ್ದು ಸುಳ್ಳು.”

ಕೊಕ್ಕೆ ಓಡಿ ಬಂದಳು. ಓದಿದಳು. ತಾರೀಖಿನ ಅಕ್ಷರ ನೋಡಿದಳು, ಮೇಡಂ ಮುಖ ನೋಡಿದಳು. ಮೇಡಂ ಎಲ್ಲವನ್ನೂ ಹೇಳಿದಳು, ಫೋನು ಬಂದದ್ದು, ಕುಣಿದದ್ದು, ಕೌಂಟರಿಗೆ ಬಂದ ಮುದುಕನಿಗೆ ಮೂರು ಸಲ ಬಿಡಿಸಿ ಹೇಳಿದ್ದು. ಹೇಳುತ್ತ ಹೇಳುತ್ತ ಆ ಮುದುಕನನ್ನು ‘ಅವನು’ ಬಿಟ್ಟು ‘ಅವರು’ ಅನ್ನತೊಡಗಿದ್ದು ಅವಳ ಗಮನಕ್ಕೂ ಬರಲಿಲ್ಲ. ಹುಡುಗಿ ಸಮಾಧಾನ ಹೇಳುತ್ತಾಳೆ, ಅಯ್ಯೋ ಬಿಡಿ ಮೇಡಂ ಅನ್ನುತ್ತಾಳೆ ಅಂತ ಅವಳು ಕಾದಳು ಅನ್ನುವುದು ನಿಜ. ಹುಡುಗಿ ಹಾಗೆ ಅನ್ನಲಿಲ್ಲ. ಪೆನ್ನು ತೆಗೆದು, “ಅಡಿಟಿಪ್ಪಣಿಗೆ ಏನು ಬರೀಲಿ?” ಅಂತ ಕೇಳಿದಳು. “ನಿಮ್ಮ ಹೆಸರು ಹಾಕ್ಬೇಕಾಗುತ್ತೆ.”

“ಹಾಕು. ಯಾವ ಕಡತ, ಯಾವ ದಿನ, ಯಾರ ಕೈ, ಎಲ್ಲಾ ಹಾಕು.”

“ಸೋಮವಾರ ನಿಮ್ಮ ಸಂದರ್ಶನ ಅಲ್ವಾ” ಅಂದರು ಮಾಮ, ಮೇಜಿನಿಂದ, ತಲೆ ಎತ್ತದೆ.

“ಅಲ್ಲೂ ಹೇಳ್ತೀನಿ ಮಾಮ. ಅವ್ರು ಕೇಳಿಸ್ಕೊಂಡು ಏನು ಮಾಡ್ತಾರೋ ಮಾಡ್ಲಿ.”

ಮೇಲೆ ಬಂದಾಗ ಎರಡೂವರೆ. ಕೊಕ್ಕೆ ಗೈಡಿಗೆ ಫೋನು ಹಚ್ಚಿ ಐದನೇ ಹೆಸರು ತೆಗೆಯುತ್ತಿದ್ದೇನೆ ಅಂದಳು. ಆ ಕಡೆಯ ದನಿ ಕೌಂಟರಿನ ಆಚೆಗೂ ಕೇಳುವಷ್ಟು ಜೋರಾಗಿತ್ತು: ಹದಿನಾಲ್ಕು ಆಕರ ಬಿಟ್ಟು ಒಂದು ಚೂರು ಕಾಗದ ಹಿಡ್ಕೊಂಡು ಕೂತಿದ್ದೀಯಾ, ನಿನಗೇನು ತಲೆ ಕೆಟ್ಟಿದೆಯಾ. ಹುಡುಗಿಯ ಕಿವಿ ಕೆಂಪಾಯಿತು. ರೆಫರೆನ್ಸ್ ಮೇಡಂ ಕೈ ಚಾಚಿ ಫೋನು ಇಸಿದುಕೊಂಡಳು. “ನಮಸ್ಕಾರ ಸರ್, ನಾನು ಆಕರ ವಿಭಾಗದಿಂದ. ಹದಿನಾಲ್ಕಲ್ಲ ಸರ್ ಅವು. ಒಂದೇ. ಆ ಒಂದೂ ನಾನೇ.” ಅವಳು ಮೊದಲಿನಿಂದ ವಿವರಿಸಿದಳು, ಬಾಣದ ಹಾಳೆಯನ್ನು ಮುಂದಿಟ್ಟುಕೊಂಡು, ಯಾವುದು ಯಾವುದನ್ನು ನೋಡಿ ಬರೆದದ್ದು ಅಂತ. ದನಿಯಲ್ಲಿ ಉತ್ಸಾಹ ತುಂಬಿ ತುಳುಕುತ್ತಿತ್ತು, ತನಗೇ ನಾಚಿಕೆಯಾಗುವಷ್ಟು. ಕೊನೆಗೆ ಗೈಡ್, ನಿಮ್ಮ ಹೇಳಿಕೆಗೆ ಸಹಿ ಮಾಡಿ ಕಳಿಸಿ, ಹೆಸರು ತೆಗೆಯೋಣ, ಉಳಿದ ಹದಿಮೂರು ಕಡೆಗೂ ನೀವೇ ಬರೀಬೇಕಾಗುತ್ತೆ ಅಂದರು. ದತ್ತಾಂಶದವರೂ ಸೇರಿ ಹದಿನಾಲ್ಕು ಸರ್ ಅಂದಳು ಅವಳು. ಸಹಿ ಎಡಗೈಯಲ್ಲಿ ಮಾಡಿದಳು, ಅವಳಿಗೆ ಇರುವುದೇ ಆ ಸಹಿ.

ಆಮೇಲೆ ಕೋರಿಕೆ ಪುಸ್ತಕ ತೆಗೆದಳು. ನಾಲ್ಕು ವರ್ಷದ ಹಿಂದಿನ ಪುಟದಲ್ಲಿ ನೀಲಿ ಶಾಯಿ ಹಾಗೇ ಇತ್ತು, ‘ಕೈಗೊಂಡ ಕ್ರಮ’ ಅನ್ನುವ ಕಲಂ ಖಾಲಿ ಇತ್ತು. ಕಾಗದ ಬರೆಯೋಣ ಅಂದುಕೊಂಡಳು. ಬರೆಯುವುದು ಸುಲಭ, ಅದು ಅವಳ ಕಸುಬು; ಅದಕ್ಕೇ ಬೇಡ ಅನ್ನಿಸಿತು. ಕೌಂಟರಿನ ಫೋನಿನಿಂದಲೇ ನಂಬರು ಒತ್ತಿದಳು. ಎತ್ತಿದ್ದು ಒಂದು ಹೆಣ್ಣು ದನಿ.

“ತಾತಂಗೆ ಕಿವಿ ಕೇಳಿಸಲ್ಲ. ಏನು ಹೇಳ್ಬೇಕು ನಂಗೇ ಹೇಳಿ, ನಾನು ಹೇಳ್ತೀನಿ.”

ಹೇಳಿಬಿಡಬಹುದಿತ್ತು. “ಇಲ್ಲಮ್ಮ, ಅವರಿಗೇ ಹೇಳ್ಬೇಕು” ಅಂದಳು.

“ತುಂಬಾ ಜೋರಾಗಿ ಹೇಳ್ಬೇಕಾಗುತ್ತೆ. ನೀವು ಎಲ್ಲಿದ್ದೀರಾ?”

ಅವಳು ಸುತ್ತ ನೋಡಿದಳು. ಮಧ್ಯಾಹ್ನದ ಓದುವ ಕೋಣೆ ತುಂಬಿತ್ತು, ಐವತ್ತು ಅರವತ್ತು ಜನ ಬಗ್ಗಿ ಕೂತಿದ್ದರು, ಫ್ಯಾನು ತಿರುಗುವ ಸದ್ದು ಬಿಟ್ಟರೆ ಪುಟ ಮಗುಚುವ ಸದ್ದು. ಪಿಸುಗುಟ್ಟಿದವರನ್ನು ಕಣ್ಣಿನಲ್ಲೇ ಹೊರಗೆ ಕಳಿಸಿದ ಇಪ್ಪತ್ತೆರಡು ವರ್ಷ ಅವಳ ಹಿಂದೆ ಇತ್ತು. “ಕೊಡಮ್ಮ ಅವರಿಗೆ” ಅಂದಳು.

“ಹಲೋ” ಅಂತು ಮುದಿ ದನಿ. “ಯಾರು?”

“ಗ್ರಂಥಾಲಯದ ಕೌಂಟರಿಂದ ಮಾತಾಡ್ತಿದ್ದೀನಿ.”

“ಯಾರು?”

ಅವಳು ದನಿ ಎತ್ತಿದಳು. ಹತ್ತಿರದ ಮೇಜಿನವರು ತಲೆಯೆತ್ತಿದರು. ಇನ್ನೂ ಎತ್ತಿದಳು, ಕೋಣೆಯ ಕೊನೆಯವರೂ ತಿರುಗಿದರು. ತನ್ನ ಹೆಸರು ಹೇಳಿದಳು. ಸ್ಫೋಟ ಅಂದಳು, ಪಟ್ಟಿ ಅಂದಳು, ಆ ಕಡೆಯಿಂದ ಏನು, ಏನು ಅಂತ ಬರುತ್ತಲೇ ಇತ್ತು. ದೊಡ್ಡವರು ತಮ್ಮ ಕೋಣೆಯ ಬಾಗಿಲು ತೆರೆದು ನಿಂತರು. ಅವಳು ಎದ್ದು ನಿಂತು, ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಕೂಗಿದಳು: “ನೀವು ಏನೂ ಮಾಡಿಲ್ಲ. ಪೇಪರಿನವರು ತಪ್ಪಾಯ್ತು ಅಂತ ಮೂರನೇ ದಿನಾನೇ ಹಾಕಿದ್ರು. ಅದನ್ನ ಕತ್ತರಿಸಿ ಬೇರೆ ಕಡೆ ಇಟ್ಟವಳು ನಾನು. ನಿಮ್ಮ ಹೆಸರು ಅಲ್ಲಿ ಉಳಿದಿದ್ದು ನನ್ನಿಂದ.” ಫೋನಿನೊಳಗಿನ ‘ಏನು, ಏನು’ ನಿಂತಿತು. ಕೇಳಿಸಿತು ಅಂತ ಅವಳಿಗೆ ಗೊತ್ತಾಯಿತು.

“ಆವತ್ತು ಕೌಂಟರಲ್ಲಿ ಇದ್ದೋರಾ ನೀವು?” ಅಂದರು ಅವರು.

“ಹೌದು” ಅಂತ ಕೂಗಿದಳು.

“ಮೂರು ಸಲ ಏನೋ ಹೇಳಿದ್ರಿ. ನಂಗೆ ಒಂದೂ ಕೇಳಿಸ್ಲಿಲ್ಲಮ್ಮ. ಮುಖ ನೋಡಿ, ಆಗಲ್ಲ ಅಂತಿದ್ದೀರಾ ಅಂತ ತಿಳ್ಕೊಂಡು ಬಂದೆ.” ಉಸಿರು ಎಳೆದುಕೊಂಡರು. “ಈಗ ಹೇಳಿದ್ದು ಕೇಳಿಸ್ತು. ಆದ್ರೆ ಬಾಯಿಮಾತು ನಡೆಯಲ್ಲ ಅಂತಾರೆ ಎಲ್ಲರೂ. ಬರೆದು ಕೊಡ್ತೀರಾ?”

“ಕೊಡ್ತೀನಿ” ಅಂದಳು. ದನಿ ಅಭ್ಯಾಸದಂತೆ ಗ್ರಂಥಾಲಯದ ಪಿಸುಮಾತಿಗೆ ಇಳಿದಿತ್ತು.

“ಏನಂದ್ರಿ?”

ಅವಳು ಇನ್ನೊಮ್ಮೆ, ಅರವತ್ತು ಜನರ ಎದುರಿಗೆ, ಮೊದಲಿಗಿಂತ ಜೋರಾಗಿ ಕೂಗಿ ಹೇಳಿದಳು.